ಇಳಿಸಿ

ಭಾರವನ್ನು ತಲೆಯ ಮೇಲೆ ಎತ್ತಿ ನಿಂತವರಿಗೆ ಅದನ್ನು ತಾವಾಗಿ ಇಳಿಸುವ ಅಧಿಕಾರವಿಲ್ಲ. ಇದು ಆಟದ ನಿಯಮ. ಕೈ ನಡುಗಲಿ, ಕಣ್ಣು ಕತ್ತಲೆ ಕಟ್ಟಲಿ, ಹಿಡಿದು ನಿಲ್ಲಬೇಕು. ಪಾದಗಳು ಒಂದು ಸಾಲಿಗೆ ಬಂದು, ಮೈ ಅಲುಗದೆ ನಿಂತಿದೆ ಎಂದು ತೀರ್ಪುಗಾರರಿಗೆ ಕಂಡಮೇಲೆ ಅವರ ಬಾಯಿಂದ ಒಂದು ಮಾತು ಬರುತ್ತದೆ. ಅದು ಬರುವ ಮುನ್ನ ಕೈಬಿಟ್ಟರೆ ಎತ್ತಿದ್ದು ಲೆಕ್ಕಕ್ಕಿಲ್ಲ.

ದೊಡ್ಡ ಸ್ಪರ್ಧೆಗಳಲ್ಲಿ ಆ ಮಾತನ್ನು ಇಂಗ್ಲಿಷಿನಲ್ಲಿ ಹೇಳುತ್ತಾರೆ. ನಾವು ಭಾರ ಎತ್ತಿ ಅಭ್ಯಾಸ ಮಾಡುವ ಕಬ್ಬಿಣದ ಕೋಣೆಯಲ್ಲಿ 'ಇಳಿಸಿ' ಎನ್ನುತ್ತಿದ್ದೆವು. ನನಗೆ ಕಲಿಸಿದ ಹಳೇ ಗುರುಗಳು ಹಾಗೆ ರೂಢಿ ಮಾಡಿದ್ದರು. ಅವರ ಬಾಯಿ ಕೆಟ್ಟದ್ದು. ಕತ್ತೆ, ಕೋಣ, ಅನ್ನಕ್ಕೆ ದಂಡ, ಎಲ್ಲ ಬರುತ್ತಿತ್ತು. ಆದರೆ ಭಾರ ತಲೆಯ ಮೇಲೆ ಹೋಗಿ ನಿಂತ ಕೂಡಲೇ ಅದೇ ಬಾಯಿಂದ 'ಇಳಿಸಿ' ಎಂದು ಬರುತ್ತಿತ್ತು. 'ಇಳಿಸು' ಅಲ್ಲ.

ಒಮ್ಮೆ ಕೇಳಿದ್ದೆ. "ಈಗ ತಾನೇ ಕತ್ತೆ ಅಂದ್ರಿ. ಅಷ್ಟರಲ್ಲಿ ಬಹುವಚನನಾ ಗುರುಗಳೇ?"

"ಕತ್ತೆ ಬೆನ್ನ ಮೇಲೆ ಹೊರುತ್ತೆ. ನೀನು ತಲೆ ಮೇಲೆ ಹಿಡ್ಕೊಂಡು ನಿಂತಿದ್ದೆ. ಅಷ್ಟು ಹೊತ್ತು ನೀನು ನನಗಿಂತ ದೊಡ್ಡವಳು. ಈಗ ಇಳಿಸಿದ್ಯಲ್ಲ, ಹೋಗು ಕತ್ತೆ, ನೆಲ ಒರೆಸು."

ನಾನು ಕಲಿಸಲು ಕೂತಮೇಲೂ ಅದನ್ನೇ ನಡೆಸಿಕೊಂಡು ಬಂದೆ. ಕೂತಮೇಲೆ ಎಂದರೆ ನಿಜವಾಗಿ ಕೂತಮೇಲೆ.

ಭಾರದ ಕಂಬಿಯನ್ನು ಹೆಗಲ ಮೇಲಿಟ್ಟು ಕುಕ್ಕರಗಾಲಲ್ಲಿ ಕೂತು ಏಳುವ ಅಭ್ಯಾಸವೊಂದಿದೆ. ಏಳಲಾಗದಿದ್ದರೆ ಕಂಬಿ ಮೈಮೇಲೆ ಬೀಳದಂತೆ ತಡೆಯಲು ಎರಡು ಬದಿಗೂ ಅಡ್ಡಪಟ್ಟಿ ಇರುತ್ತದೆ. ನಮ್ಮಲ್ಲಿ ಎಡಗಡೆಯದರ ಬೆಸುಗೆ ಬಿರುಕು ಬಿಟ್ಟಿತ್ತು. ಕೋಣೆ ನಡೆಸುವ ಸಂಘದ ಕಾರ್ಯದರ್ಶಿಗೆ ತೋರಿಸಿದೆ. ಅವನು ಬಗ್ಗಿ ನೋಡಿದ. ಬೆರಳಲ್ಲಿ ತಟ್ಟಿದ.

"ಸ್ಪರ್ಧೆ ಮುಗೀಲಿ, ಮಾಡಿಸೋಣ. ಅಲ್ಲೀವರೆಗೆ ಹೊಂದಿಸ್ಕೋ."

ನಾನು ಹೊಂದಿಸಿಕೊಂಡೆ. ಬೆಸುಗೆ ಹೊಂದಿಸಿಕೊಳ್ಳಲಿಲ್ಲ.

ಬೆನ್ನುಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಹಸಿ ಕಡ್ಡಿ ಮುರಿದಂತೆ, ಸಣ್ಣ ಸದ್ದು. ಆಮೇಲೆ ಸೊಂಟದ ಕೆಳಗಿನ ಮೈ ನೆಂಟರ ಮೈ ಆಯಿತು. ಜೊತೆಗೇ ಇದೆ, ಮಾತಿಲ್ಲ. 'ಅವಳ ತಂತ್ರ ತಪ್ಪಿತು' ಎಂದು ಸಂಘದವರು ಹೇಳಿದರು. ತಂತ್ರ ನನ್ನದಾಯಿತು. ಬೆಸುಗೆ ಯಾರದ್ದೂ ಆಗಲಿಲ್ಲ.

ಆಸ್ಪತ್ರೆಯಿಂದ ಬಂದಮೇಲೆ ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಮಲಗಿದ್ದೆ. ಅಕ್ಕ ಅದೇ ಕೋಣೆಯಲ್ಲಿ ಬೀದಿಯವರ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ. ಬಟ್ಟೆ ಕೊಡಲು ಬಂದವರು ನನ್ನನ್ನು ನೋಡಿ ಅಕ್ಕನನ್ನು ಕೇಳುತ್ತಿದ್ದರು: "ಇವರಿಗೆ ಮಾತು ಬರುತ್ತಾ?" ಅಕ್ಕ ಇಸ್ತ್ರಿಪೆಟ್ಟಿಗೆ ಒತ್ತುತ್ತಲೇ ಹೇಳುತ್ತಿದ್ದಳು: "ಬರುತ್ತೆ. ಕೆಟ್ಟದ್ದೇ ಜಾಸ್ತಿ ಬರುತ್ತೆ. ಕೇಳ್ತೀರಾ?"

ಒಂದು ದಿನ ಕುರ್ಚಿಯ ಗಾಲಿ ನಾನೇ ತಳ್ಳಿಕೊಂಡು ಕಬ್ಬಿಣದ ಕೋಣೆಗೆ ಹೋದೆ. ಕೋಣೆ ಆಗ ನೆಲದ ಮಟ್ಟದಲ್ಲಿತ್ತು. ಹೊಸ್ತಿಲಿರಲಿಲ್ಲ. ಮೂಲೆಯಲ್ಲಿ ಕೂತೆ. ಮರುದಿನವೂ ಹೋದೆ. ಹಳೇ ಗುರುಗಳು ತೀರಿಕೊಂಡಿದ್ದರು. ಕಲಿಸುವವರು ಇರಲಿಲ್ಲ. ಒಬ್ಬ ಹುಡುಗಿ, ಜಡೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವಳು, ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಏ ಉದ್ದಜಡೆ, ನಡುವೆ ಉಸಿರೆಲ್ಲಿ ಇಟ್ಟೆ?"

ಅಲ್ಲಿಂದ ಶುರುವಾಯಿತು.

ಉಸಿರಿನ ವಿಷಯ ನನಗೆ ಹೇಳಿಕೊಟ್ಟವಳು ದೊಡ್ಡಮ್ಮ. ನನ್ನನ್ನೂ ಅಕ್ಕನನ್ನೂ ಬೆಳೆಸಿದವಳು. ಓದು ಬರದು. ಪಾತ್ರೆ ತಿಕ್ಕುವಾಗ, ಬಟ್ಟೆ ಹಿಂಡುವಾಗ, ನಮ್ಮ ತಲೆ ಬಾಚುವಾಗ ದೇವರ ಪದ್ಯ ಹೇಳುತ್ತಿದ್ದಳು. ಸಾಲಿನ ನಡುವೆ ಒಂದು ಕಡೆ ನಿಲ್ಲುತ್ತಿದ್ದಳು. ಬಾಚಣಿಗೆಯೂ ನಿಲ್ಲುತ್ತಿತ್ತು. "ಅಲ್ಲೇ ಯಾಕೆ ನಿಲ್ತೀಯ?" ಎಂದರೆ, "ಅಲ್ಲಿ ನಿಲ್ದಿದ್ರೆ ಮುಂದಿನ ಅರ್ಧ ಮೇಲಕ್ಕೆ ಏಳಲ್ಲ ಮಗಳೇ" ಎನ್ನುತ್ತಿದ್ದಳು. ಭಾರವೂ ಹಾಗೆಯೇ. ನೆಲದಿಂದ ಎದೆಗೆ ಅರ್ಧ. ಎದೆಯಿಂದ ತಲೆಯ ಮೇಲಕ್ಕೆ ಇನ್ನರ್ಧ. ನಡುವೆ ನಿಲ್ಲುವ ಜಾಗ. ಕುರ್ಚಿಯ ಎತ್ತರದಿಂದ ನನಗೆ ಕಂಬಿ ಸರಿಯಾಗಿ ಕಾಣುತ್ತಿರಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದೆ. ಉಸಿರು, ಎತ್ತುವವರು ನಿಲ್ಲುವ ಹಲಗೆಯ ಮೇಲೆ ಪಾದದ ಸದ್ದು, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದು ಗಟ್ಟಿಯಾಗಿದ್ದರೆ, ಇಳಿಸಿ.

ಹುಡುಗರಿಗೂ ಆ ಮಾತು ಮೈಗೆ ಹತ್ತಿತು. ತಮ್ಮ ತಮ್ಮಲ್ಲಿ ಗಲಾಟೆ ಮಾಡುತ್ತಾ ನೀರಿನ ಡ್ರಮ್ಮು ಹೊತ್ತು ಬರುತ್ತಿದ್ದರೂ ನಾನು 'ಇಳಿಸಿ' ಎಂದರೆ ತಟ್ಟನೆ ಇಳಿಸಿಬಿಡುತ್ತಿದ್ದರು. ಎಲ್ಲಿ ಏನು ಎಂದು ನೋಡುತ್ತಿರಲಿಲ್ಲ. ಉದ್ದಜಡೆಯ ಕಾಲಬೆರಳು ಒಮ್ಮೆ ಹಾಗೆ ಜಜ್ಜಿಹೋಗಿತ್ತು.

ಬಣ್ಣದವನು ಬಂದದ್ದು ಆಮೇಲೆ. ಕಟ್ಟಡಗಳಿಗೆ ಬಣ್ಣ ಬಳಿಯುವವನು. ಕಟ್ಟಿದ ಅಟ್ಟಣೆ ಕಳಚಿ ಬಿದ್ದಿದ್ದ. ಅವನ ಹೆಂಡತಿ ಅವನನ್ನು ತಳ್ಳಿಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸಿದಳು. ಅವಳ ಕೈಯಲ್ಲಿ ಇನ್ನೂ ಕೆಲಸದ ಮನೆಯ ಸೋಪಿನ ನೊರೆ ಒಣಗಿತ್ತು.

"ಇವರನ್ನ ಎದ್ದು ನಿಲ್ಲಿಸ್ತೀರಂತೆ," ಎಂದಳು.

"ಯಾರಂದ್ರು? ನಾನೇ ನಿಂತಿಲ್ಲ. ಕೂರೋದು ಕಲಿಸ್ತೀನಿ."

ಬಣ್ಣದವನು ಹೆಂಡತಿಯ ಕಡೆ ತಿರುಗಿದ. "ಕೇಳ್ದೇನೇ? ನಾಲ್ಕನೇ ಮಹಡಿಯಿಂದ ಇಷ್ಟು ಬೇಗ ಇಳಿದು ಬಂದಿದ್ದು ಕೂರೋದು ಕಲಿಯೋಕೆ."

ಕೂರುವುದು ಸುಲಭವಲ್ಲ. ಅರಿವಿಲ್ಲದ ಚರ್ಮದ ಮೇಲೆ ಕೂತೇ ಇದ್ದರೆ ಚರ್ಮ ಒಳಗಿಂದ ಕೊಳೆಯುತ್ತದೆ. ನೋವಾಗುವುದಿಲ್ಲ. ವಾಸನೆ ಬಂದಮೇಲೆ ತಿಳಿಯುತ್ತದೆ. ಅವನಿಗೆ ಆಗಲೇ ಹುಣ್ಣಾಗಿತ್ತು. ಕುರ್ಚಿಯ ಎರಡು ಕೈಗಳ ಮೇಲೆ ಅಂಗೈ ಊರಿ, ತೋಳು ನೆಟ್ಟಗೆ ಮಾಡಿ, ಪೂರ್ತಿ ಮೈಯನ್ನು ಗಾಳಿಯಲ್ಲಿ ಎತ್ತಬೇಕು. ಹಿಡಿಯಬೇಕು. ನಿಧಾನ ಇಳಿಸಬೇಕು. ದಿನವಿಡೀ, ಬದುಕಿರುವವರೆಗೆ. ಬಣ್ಣದವನ ತೋಳು ಕಡ್ಡಿಯಾಗಿತ್ತು. ಮೊದಲು ಏಳಲೇ ಇಲ್ಲ. ಬೈದೆ. ಗುರುಗಳ ಬಾಯಿ ನನಗೂ ಬಂದಿತ್ತು.

"ಎಷ್ಟು ಭಾರ ಅಕ್ಕಾ ನಾನು! ಹೆಂಡ್ತಿ ಪಾಪ, ಹೇಗೆ ಎತ್ತುತಾಳೋ."

"ಅವಳು ಎತ್ತೋದು ಬಿಡು. ಇದು ನಿನ್ನ ಭಾರ. ಎತ್ತೋ ಸೋಂಬೇರಿ."

ಒಂದು ದಿನ ಎದ್ದ. ಕುರ್ಚಿಗೂ ಅವನಿಗೂ ನಡುವೆ ಒಂದು ಕೈ ತೂರುವಷ್ಟು ಬೆಳಕು ಕಂಡಿತು. ಕತ್ತಿನ ನರ ಉಬ್ಬಿತು. ತುಟಿ ಕಚ್ಚಿದ. ನಾನು ಕಾದೆ. ನಡುಕ ನಿಂತಿತು.

"ಇಳಿಸಿ," ಎಂದೆ.

ಅವನು ಇಳಿಸಿದ. ಮುಖ ಆ ಕಡೆ ತಿರುಗಿಸಿಕೊಂಡ. ಹಾಗೇ ಹೇಳಿದ: "ಬಿದ್ದ ಮೇಲೆ ನನಗೆ ಯಾರೂ ಬಹುವಚನ ಹಚ್ಚಿರಲಿಲ್ಲ. ಡಾಕ್ಟ್ರೂ 'ಹೊರಳಿಸು ಇವನನ್ನ' ಅಂತಿದ್ರು."

ಅಂಥವರು ಇನ್ನೂ ಕೆಲವರು ಬರತೊಡಗಿದರು. ಎಲ್ಲರಿಗೂ ಆ ಮಾತೇ ಮೊದಲ ಪಾಠವಾಯಿತು.

ಆಗ ಸಂಘದವರು ಕೋಣೆಯನ್ನು ಮಹಡಿಗೆ ಹಾಕಿದರು.

ಕೆಳಗಿನ ಜಾಗ ಚೆನ್ನಾಗಿದೆ, ಬೀದಿಗೆ ಕಾಣುತ್ತದೆ, ಅಲ್ಲಿ ಗಾಜಿನ ಬಾಗಿಲು ಹಾಕಿ ಕನ್ನಡಿ ಜೋಡಿಸಿ ಚಂದಾದಾರರಿಗೆ ವ್ಯಾಯಾಮಶಾಲೆ ಮಾಡುತ್ತೇವೆ ಎಂದರು. ಕಬ್ಬಿಣ ಎತ್ತುವವರು ಮೇಲೆ ಹೋಗಲಿ, ಸದ್ದು ಜಾಸ್ತಿ. ಮಹಡಿಗೆ ಇರುವುದು ಮೆಟ್ಟಿಲು ಮಾತ್ರ. ಕಡಿದಾದ, ಒಂದು ತಿರುವಿನ ಮೆಟ್ಟಿಲು.

ಕಾರ್ಯದರ್ಶಿಯನ್ನು ಕೇಳಿದೆ: "ನಾನು?"

"ನಿಮ್ಮನ್ನ ಬಿಡ್ತೀವಾ? ಹುಡುಗರು ಎತ್ಕೊಂಡು ಹೋಗ್ತಾರೆ. ಭಾರ ಎತ್ತೋ ಹುಡುಗರಿಗೆ ನೀವೊಂದು ಭಾರನಾ?" ನಕ್ಕ. ಪಕ್ಕದಲ್ಲಿದ್ದವರೂ ನಕ್ಕರು.

"ಬಣ್ಣದವನು? ಅವನ ಜೊತೆಯವರು?"

"ನೋಡಿ, ಅದು ಸಂಘದ ಕೆಲಸ ಅಲ್ಲ. ಆದ್ರೂ ಇಷ್ಟು ದಿನ ನಾವೇನಾದ್ರೂ ಅಂದ್ವಾ?"

"ಕೆಳಗೆ ಹಿಂದಿನ ಸಾಮಾನಿನ ಕೋಣೆ ಖಾಲಿ ಇದೆ. ಅದನ್ನ ಕೊಡಿ. ನಮಗೆ ಅಷ್ಟು ಸಾಕು."

ಅವನು ದನಿ ತಗ್ಗಿಸಿದ. "ಮುಂದಿನ ಬಾಗಿಲಿಂದಾನೇ ಅಲ್ಲಿಗೆ ಬರಬೇಕು. ಚಂದಾದಾರರು ಇರ್ತಾರೆ. ಚೀಲ ಗೀಲ ನೇತಾಡ್ತಾ ಇದ್ರೆ ಅವರಿಗೆ ಒಂಥರಾ ಆಗುತ್ತೆ. ನೀವು ತಪ್ಪು ತಿಳೀಬೇಡಿ. ಸ್ವಲ್ಪ ಹೊಂದಿಸ್ಕೊಳ್ಳಿ."

ಚೀಲ ಎಂದರೆ ನಮ್ಮ ಮೂತ್ರದ ಚೀಲ. ಕುರ್ಚಿಯ ಬದಿಗೆ ನೇತುಹಾಕಿರುತ್ತೇವೆ. ಅದು ಅವನ ಕಣ್ಣಿಗೆ ಬಿದ್ದಿತ್ತು. ಅವನೇ ತಟ್ಟಿ ನೋಡಿದ ಬೆಸುಗೆಯಿಂದ ಬಂದ ಚೀಲ.

ಅಕ್ಕನಿಗೆ ಹೇಳಿದೆ. ಅವಳು ಕಾಲರಿಗೆ ನೀರು ಚಿಮುಕಿಸುತ್ತಾ, "ಎತ್ಕೊಂಡ್ ಹೋದ್ರೆ ನಿನ್ನ ಗಂಟೇನು ಹೋಗುತ್ತೆ? ನಾನು ದಿನಾ ಎತ್ತಲ್ವಾ?" ಎಂದಳು.

"ನೀನು ನನ್ನ ಕೇಳಿ ಎತ್ತುತೀಯ."

"ಕೇಳಿ ಎತ್ತೋಕೆ ನೀನೇನು ರಾಣಿನಾ?" ಎಂದಳು. ಆದರೆ ಕೇಳಿಯೇ ಎತ್ತುತ್ತಿದ್ದಳು. "ಎತ್ಲಾ?" ಎನ್ನುತ್ತಿದ್ದಳು, ದಿನವೂ.

ಒಪ್ಪಿಕೊಂಡೆ. ಮಹಡಿಗೆ ಹೋದೆ. ಹೋದೆ ಎಂಬುದು ತಪ್ಪು. ನನ್ನನ್ನು ಒಯ್ದರು. ಒಬ್ಬೊಬ್ಬರು ಒಂದೊಂದು ಕಡೆ ಹಿಡಿದರು. ಕುರ್ಚಿ ಓರೆಯಾಯಿತು. ಯಾರದೋ ಕೈ ನನ್ನ ತೊಡೆಯ ಕೆಳಗೆ ಬಂತು. ನನಗದು ತಿಳಿಯಲಿಲ್ಲ, ಕಣ್ಣಿಗೆ ಕಂಡಿತು. ತಿರುವಿನಲ್ಲಿ ಚೀಲದ ಕೊಳವೆ ಮೆಟ್ಟಿಲ ಬದಿಯ ಕಂಬಿಗೆ ಸಿಕ್ಕಿ ಕಳಚಿತು. ಮೆಟ್ಟಿಲ ಮೇಲೆ ಹರಿಯಿತು. "ಹುಷಾರು, ಕಾಲು ಜಾರುತ್ತೆ," ಎಂದ ಒಬ್ಬ. ಕೆಳಗೆ ಯಾರೋ ಮೂಗು ಮುಚ್ಚಿಕೊಂಡು ನಕ್ಕರು. ಉದ್ದಜಡೆ ಬಟ್ಟೆ ತಂದು ಒರೆಸಿದಳು. ನನ್ನ ಮುಖ ನೋಡಲಿಲ್ಲ.

ಅಂದಿನಿಂದ ಬೆಳಗಿನ ಹೊತ್ತು ನೀರು ಕುಡಿಯುವುದು ಬಿಟ್ಟೆ. ಒಮ್ಮೆ ಮೇಲೆ ಹೋದರೆ ಅವರು ಇಳಿಸುವವರೆಗೆ ನಾನು ಮೇಲೆಯೇ. ಬೀದಿಯಲ್ಲಿ ಬಣ್ಣದವನು ಬಂದು ಕೂಗುತ್ತಿದ್ದ. ಕಿಟಕಿಯಿಂದ ನಾನು ಕೂಗುತ್ತಿದ್ದೆ. "ತೋಳು ಮಡಚಬೇಡ!" ದಾರಿಹೋಕರು ನಿಂತು ನೋಡುತ್ತಿದ್ದರು. ಉಳಿದವರು ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದರು. ಬೀದಿಯಲ್ಲಿ ಮೈ ಎತ್ತಿ ತೋರಿಸಲು ಯಾರಿಗೆ ಮನಸ್ಸಾಗುತ್ತದೆ? ಬಣ್ಣದವನು ಮಾತ್ರ ಬಂದ. "ನಾನು ಮೊದಲಿಂದ್ಲೂ ಜನ ತಲೆ ಎತ್ತಿ ನೋಡೋ ಜಾಗದಲ್ಲೇ ಕೆಲಸ ಮಾಡಿದ್ದು. ಈಗ ತಲೆ ತಗ್ಗಿಸಿ ನೋಡ್ತಾರೆ, ಅಷ್ಟೇ," ಎನ್ನುತ್ತಿದ್ದ.

ಒಂದು ಮಧ್ಯಾಹ್ನ ನನ್ನನ್ನು ಮರೆತರು.

ಹುಡುಗರೆಲ್ಲ ಸ್ಪರ್ಧೆಗೆ ಹೊರಟಿದ್ದರು. ಬಸ್ಸು ಬಂದಿತ್ತು, ಗಡಿಬಿಡಿ. ಅವನು ಇಳಿಸಿದ್ದಾನೆ ಎಂದು ಇವನು, ಇವನು ಇಳಿಸಿದ್ದಾನೆ ಎಂದು ಅವನು. ಬಸ್ಸಿನ ಸದ್ದು ಬೀದಿಯ ಕೊನೆಗೆ ಹೋಗಿ ಕರಗಿತು. ಕೋಣೆ ತಣ್ಣಗಾಯಿತು. ಹಲಗೆಯ ಮೇಲೆ ಸೀಮೆಸುಣ್ಣದ ಹೆಜ್ಜೆಗಳು. ಕಾರ್ಯದರ್ಶಿಗೆ ಫೋನು ಮಾಡಿದೆ.

"ಅಯ್ಯೋ. ಒಂದೆರಡು ಗಂಟೆ ಹೊಂದಿಸ್ಕೊಳ್ಳಿ. ಯಾರನ್ನಾದ್ರೂ ಕಳಿಸ್ತೀನಿ."

ಯಾರೂ ಬರಲಿಲ್ಲ. ಬಿಸಿಲು ಕಿಟಕಿಯಿಂದ ನೆಲಕ್ಕೆ ಇಳಿಯಿತು, ನೆಲದಿಂದ ಗೋಡೆಗೆ ಹತ್ತಿತು. ಕೆಳಗೆ ಚಂದಾದಾರರ ಸಂಗೀತ ಧಿಮಿ ಧಿಮಿ ಎನ್ನುತ್ತಿತ್ತು. ಚೀಲ ತುಂಬಿತು. ಹೊಟ್ಟೆಯ ಕೆಳಗೆ ಏನಾಗುತ್ತಿದೆ ಎಂದು ನನಗೆ ತಿಳಿಯುವುದಿಲ್ಲ. ತಲೆ ಸಿಡಿಯತೊಡಗಿದರೆ ಹೊತ್ತು ಮೀರಿತು ಎಂದರ್ಥ. ತಲೆ ಸಿಡಿಯತೊಡಗಿತು. ದೇವರನ್ನು ಕರೆದೆ. ಅವನಿಗೂ ನನಗೂ ನಡುವೆ ಯಾವತ್ತೂ ಮೆಟ್ಟಿಲು ಬಂದಿಲ್ಲ. ನಾನು ಕೂತಲ್ಲಿಗೇ ಬಂದು ಕೂರುತ್ತಾನೆ. ಅಂದೂ ಬಂದಿರಬೇಕು. ಆದರೆ ಅವನು ಎತ್ತುವವನಲ್ಲ. ಕೇಳಿಸಿಕೊಳ್ಳುವವನು.

ಬೀದಿಯಿಂದ ಬಣ್ಣದವನ ದನಿ ಬಂತು. "ಅಕ್ಕಾ! ಇವತ್ತು ಪಾಠ ಇಲ್ವಾ?"

"ಎಲ್ಲಾ ಬಿಟ್ಟು ಹೋಗಿದ್ದಾರೆ ಕಣೋ."

ಹೆಂಡತಿ ಅವನನ್ನು ಅಲ್ಲಿ ಬಿಟ್ಟು ಕೆಲಸಕ್ಕೆ ಹೋಗಿದ್ದಳು. ಅವನು ಗಾಲಿ ತಳ್ಳಿಕೊಂಡು ಮೆಟ್ಟಿಲ ಬುಡಕ್ಕೆ ಬಂದದ್ದು ಕೇಳಿಸಿತು. "ನಾನು ಬರ್ಲಾ ಮೇಲೆ?" ಎಂದ. ಇಬ್ಬರಿಗೂ ನಗು ಬಂತು. ನಗು ನಿಂತಮೇಲೆ ಕುರ್ಚಿಯಿಂದ ನೆಲಕ್ಕೆ ಇಳಿದೆ. ಕುರ್ಚಿಯನ್ನು ಮಡಚಿ ಮೆಟ್ಟಿಲ ಮೇಲೆ ಜಾರಿಸಿದೆ. ಅದು ದಡದಡ ಹೋಗಿ ತಿರುವಿನ ಗೋಡೆಗೆ ಬಡಿಯಿತು.

"ಅಕ್ಕಾ, ಬಿದ್ರಾ?"

"ಕುರ್ಚಿ. ನಾನು ಹಿಂದೆ ಬರ್ತಿದ್ದೀನಿ."

ಅಂಗೈ ಊರಿ, ಮೈಯನ್ನು ಎತ್ತಿ, ಕೆಳಗಿನ ಮೆಟ್ಟಿಲ ಮೇಲಕ್ಕೆ ತಂದು ಹಿಡಿದೆ. ತೋಳು ನಡುಗಿತು. ಅವನಿಗೆ ನಾನು ಕಾಣುತ್ತಿರಲಿಲ್ಲ. ಉಸಿರು ಕೇಳುತ್ತಿತ್ತು. ಕೆಳಗಿನಿಂದ ಹೇಳಿದ:

"ಇಳಿಸಿ."

ಇಳಿಸಿದೆ. ಕಾಲುಗಳನ್ನು ಕೈಯಿಂದ ತೆಗೆದು ಮುಂದಿಟ್ಟೆ. ಮತ್ತೆ ಎತ್ತಿದೆ.

"ಇಳಿಸಿ."

ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಒಂದೊಂದು ಮೆಟ್ಟಿಲಿಗೂ ಕಾದು ಹೇಳಿದ. ತಿರುವಿನಲ್ಲಿ ಮುಖಕ್ಕೆ ಮುಖ ಕಂಡಿತು. ಅವನ ಕೆನ್ನೆ ಒದ್ದೆಯಾಗಿತ್ತು. "ಬೇಗ ಬನ್ರೀ, ಹೇಳಿ ಹೇಳಿ ಬಾಯಿ ಒಣಗ್ತಾ ಇದೆ," ಎಂದ. ಗಾಜಿನ ಬಾಗಿಲ ಆಚೆ ಒಬ್ಬ ಚಂದಾದಾರ ಓಡುವ ಯಂತ್ರದಿಂದ ಇಳಿದು ನಿಂತು ನೋಡುತ್ತಿದ್ದ. ಕೈಯಲ್ಲಿ ಫೋನಿತ್ತು. ಬಾಗಿಲು ತೆರೆಯಲಿಲ್ಲ.

ತಿರುವಿನಿಂದ ಕುರ್ಚಿಯನ್ನು ಬುಡಕ್ಕೆ ಜಾರಿಸಿ, ಮತ್ತೆ ಅದಕ್ಕೆ ಹತ್ತಿ ನಾನು ಮನೆ ಮುಟ್ಟಿದಾಗ ಅಕ್ಕ ನನ್ನ ಬಟ್ಟೆ ಬಿಚ್ಚಿ ನೋಡಿದಳು. ಮೆಟ್ಟಿಲಂಚಿಗೆ ಚರ್ಮ ಕಿತ್ತುಬಂದಿತ್ತು. ನನಗೆ ನೋವಿರಲಿಲ್ಲ. ಔಷಧ ಹಚ್ಚಿದಳು. ಹೋಗಿ ಇಸ್ತ್ರಿ ಹಿಡಿದಳು. ಸುಟ್ಟ ವಾಸನೆ ಬಂತು. ಯಾರದೋ ಅಂಗಿಯ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆ ಹಾಗೇ ನಿಂತಿತ್ತು.

ಹುಣ್ಣು ಮಾಯುವವರೆಗೆ ಬೋರಲು ಮಲಗಿದ್ದೆ. ಬೋರಲು ಮಲಗಿದವರಿಗೆ ಲೋಕವೆಂದರೆ ನೆಲ, ಬಂದವರ ಪಾದ. ಉದ್ದಜಡೆಯ ಪಾದ ಒಮ್ಮೆ ಬಂತು, ಜಜ್ಜಿದ ಬೆರಳಿನದು. "ತಪ್ಪಾಯ್ತು ಅಕ್ಕ," ಎಂದಿತು. ಆಮೇಲೆ ಹೊಳೆಯುವ ಬೂಟು ಬಂತು. ಕಾರ್ಯದರ್ಶಿ.

ಕೆಳಗಿನ ವ್ಯಾಯಾಮಶಾಲೆಯ ಉದ್ಘಾಟನೆಯಂತೆ. ಇಷ್ಟು ದಿನ ನಡೆದದ್ದು ಬರೀ ಪರೀಕ್ಷೆಗಂತೆ. ದೊಡ್ಡ ಅತಿಥಿ ಬರುತ್ತಾರೆ. ಅಂದು ನನಗೆ ಸನ್ಮಾನ.

"ನನಗೆ ಯಾಕೆ?"

"ನಿಮ್ಮ ಧೈರ್ಯ ನಾಲ್ಕು ಜನಕ್ಕೆ ಗೊತ್ತಾಗ್ಬೇಕು. ಮೆಟ್ಟಿಲು ಇಳಿದಿದ್ದನ್ನ ಯಾರೋ ವಿಡಿಯೋ ಹಾಕಿದ್ದಾರೆ. ಜನ ಏನೇನೋ ಮಾತಾಡ್ತಿದ್ದಾರೆ. ನೀವು ವೇದಿಕೆ ಮೇಲೆ ನಗ್ತಾ ಎರಡು ಮಾತಾಡಿ. ಹಿಂದಿನ ಕೋಣೆ ವಿಷಯ ಅಲ್ಲೇ ಅತಿಥಿಗಳ ಕೈಲಿ ಹೇಳಿಸ್ತೀನಿ. ನಿಮ್ಮದೇ ಕೋಣೆ. ಬಣ್ಣದವರು, ಇನ್ಯಾರು ಬೇಕೋ ಕರ್ಕೊಳ್ಳಿ."

ನೆಲದ ಮಟ್ಟದ ಕೋಣೆ. ಬರುವುದು ಬಿಟ್ಟವರೆಲ್ಲ ಕಣ್ಣ ಮುಂದೆ ಬಂದರು. ಯಾರಿಗೆಲ್ಲ ಹುಣ್ಣಾಗಿದೆಯೋ, ಯಾರು ಗೋಡೆ ನೋಡುತ್ತಾ ಮಲಗಿದ್ದಾರೋ.

"ಬರ್ತೀನಿ. ಒಂದೇ ಮಾತು. ನನ್ನನ್ನ ಯಾರೂ ಎತ್ತಬಾರದು. ವೇದಿಕೆಗೆ ಇಳಿಜಾರು ಹಲಗೆ ಹಾಕ್ಸಿ. ನಾನೇ ಹತ್ತುತೀನಿ."

"ಅಷ್ಟೇ ತಾನೇ? ಆಯ್ತು," ಎಂದಿತು ಬೂಟು.

ಅಕ್ಕ ನನ್ನ ಹಳೆಯ ಕ್ರೀಡಾ ಅಂಗಿಗೆ ಇಸ್ತ್ರಿ ಹಾಕಿದಳು. ಹೋದೆವು. ಗಾಜಿನ ಬಾಗಿಲು ತೆರೆದಿತ್ತು. ಕುರ್ಚಿಗಳಲ್ಲಿ ಚಂದಾದಾರರು, ಹಿಂದೆ ಗೋಡೆಗೆ ಒರಗಿ ನನ್ನ ಹುಡುಗರು. ಬಣ್ಣದವನು ಬಾಗಿಲ ಪಕ್ಕದಲ್ಲಿ. ವೇದಿಕೆ ಎತ್ತರವಾಗಿತ್ತು. ಮುಂದೆ ಮೆಟ್ಟಿಲು. ಹಲಗೆ ಇರಲಿಲ್ಲ. ಹುಡುಕಿದೆ. ಬದಿಯಲ್ಲಿ ಕಂಡಿತು. ಅದರ ಮೇಲೆ ಹೂಕುಂಡ ಜೋಡಿಸಿದ್ದರು.

ಕಾರ್ಯದರ್ಶಿ ಹತ್ತಿರ ಬಗ್ಗಿದ. "ಹಲಗೆ ಫೋಟೋಗೆ ಅಡ್ಡ ಬರುತ್ತೆ ಅಂದ್ರು. ಇದೊಂದ್ಸಲ ಹೊಂದಿಸ್ಕೊಳ್ಳಿ."

ನಾನು ಬಾಯಿ ತೆರೆಯುವಷ್ಟರಲ್ಲಿ ನಿರೂಪಕಿ ನನ್ನನ್ನು ಕರೆದಳು. "ಸೋಲನ್ನೇ ಸೋಲಿಸಿದ ಸೋದರಿ!" ಚಪ್ಪಾಳೆ. ಕಾರ್ಯದರ್ಶಿ ಹುಡುಗರಿಗೆ ಕೈ ಬೀಸಿದ. ಅವರು ಓಡಿಬಂದರು. ಉದ್ದಜಡೆಯೂ. ಯಾರೂ ನನ್ನನ್ನು ಕೇಳಲಿಲ್ಲ. ನೆಲ ಬಿಟ್ಟೆ. ಒಂದು ಮೆಟ್ಟಿಲು ಹತ್ತಿದರು. ಚೀಲ ತೂಗಾಡಿತು.

"ಹಾಗೇ! ಹಾಗೇ ಹಿಡ್ಕೊಳ್ಳಿ!" ಎಂದು ಫೋಟೋದವನು ಕೂಗಿದ.

ನಿಂತರು. ಅತಿಥಿ ವೇದಿಕೆಯಿಂದ ಬಗ್ಗಿ ನನ್ನ ಕುರ್ಚಿಯ ಹಿಡಿಗೆ ಎರಡು ಬೆರಳು ತಾಗಿಸಿದರು. ತಾವೇ ಎತ್ತಿದಂತೆ. ಮುಖ ಫೋಟೋದವನ ಕಡೆಗಿತ್ತು.

"ಮೇಡಂ, ಸ್ವಲ್ಪ ನಗಿ. ಆ ಚೀಲ ಯಾರಾದ್ರೂ ಮರೆ ಮಾಡ್ರಪ್ಪ. ಇನ್ನೊಂದು, ಹಾಗೇ ಹಿಡೀರಿ!"

ನಾನು ಗಾಳಿಯಲ್ಲಿದ್ದೆ. ಹುಡುಗರ ಉಸಿರು ಕೇಳುತ್ತಿತ್ತು. ಒಬ್ಬೊಬ್ಬನ ಉಸಿರೂ ನನಗೆ ಗೊತ್ತು, ನಾನೇ ಇಟ್ಟ ಉಸಿರು. ಬಾಗಿಲ ಪಕ್ಕದಲ್ಲಿ ಬಣ್ಣದವನು ತಲೆ ತಗ್ಗಿಸಿದ್ದ. ಹಿಂದಿನ ಕೋಣೆ ಕಣ್ಣಿಗೆ ಬಂತು. ಒಂದು ನಗೆಯಷ್ಟು ದೂರದಲ್ಲಿತ್ತು. ನಗಲು ತುಟಿ ಬಿಚ್ಚಿದೆ ಕೂಡ.

"ಇಳಿಸಿ," ಎಂದೆ.

ಹೊಟ್ಟೆಯಿಂದ ಬಂದ ದನಿ. ಕಬ್ಬಿಣದ ಕೋಣೆಯ ದನಿ.

ಅವರು ಇಳಿಸಿದರು. ಯೋಚನೆ ಮಾಡಲಿಲ್ಲ. ಅತಿಥಿಯನ್ನಾಗಲಿ ಕಾರ್ಯದರ್ಶಿಯನ್ನಾಗಲಿ ನೋಡಲಿಲ್ಲ. ಆ ಮಾತು ಅವರ ತಲೆಗೆ ಹೋಗುವುದಿಲ್ಲ, ತೋಳಿಗೆ ಹೋಗುತ್ತದೆ. ಒಂದು ಹೆಜ್ಜೆ ಹಿಂದೆ, ಮೊಣಕಾಲು ಮಡಚಿ, ನಿಧಾನ. ನನ್ನ ಗಾಲಿ ನೆಲ ಮುಟ್ಟಿತು. ಎಲ್ಲರೂ ಕೈ ತೆಗೆದರು. ಅತಿಥಿಯ ಎರಡು ಬೆರಳು ಗಾಳಿಯಲ್ಲಿ ಉಳಿದವು.

"ಏನ್ರೋ ಇದು? ಎತ್ರೋ!" ಎಂದ ಕಾರ್ಯದರ್ಶಿ.

ಯಾರೂ ಬಗ್ಗಲಿಲ್ಲ.

"ಏ ಉದ್ದಜಡೆ, ನಿನಗೆ ಹೇಳಿದ್ದು. ಎತ್ತು."

ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. "ಇಳಿಸಿ ಅಂದಮೇಲೆ ಮುಗೀತು ಸಾರ್," ಎಂದಳು. "ಮತ್ತೆ ಎತ್ತೋ ಹಾಗಿಲ್ಲ."

ಮೈಕು ನನ್ನ ಹತ್ತಿರ ಇರಲಿಲ್ಲ. ಬೇಕಾಗಲೂ ಇಲ್ಲ. "ಹಲಗೆ ಅಲ್ಲಿದೆ," ಎಂದೆ. "ಅದರ ಮೇಲೆ ಹೂ ಇಟ್ಟಿದ್ದೀರಿ. ನನ್ನ ಬೆನ್ನು ಮುರಿಯೋ ಮುಂಚೇನೂ ನೀವು ಹೊಂದಿಸ್ಕೋ ಅಂದಿದ್ರಿ. ಇಷ್ಟು ವರ್ಷ ಹೊಂದಿಸ್ಕೊಂಡೆ. ಇನ್ನು ನೀವು ಹೊಂದಿಸ್ಕೊಳ್ಳಿ."

ತಿರುಗಿ ಬಾಗಿಲ ಕಡೆ ಹೊರಟೆ. ಕುರ್ಚಿಗಳ ಸಾಲು ಇಕ್ಕಟ್ಟಾಗಿತ್ತು. ಒಬ್ಬೊಬ್ಬರೂ ಕಾಲು ಹಿಂದೆಳೆದುಕೊಳ್ಳಬೇಕಾಯಿತು. ಚಪ್ಪಾಳೆ ಇರಲಿಲ್ಲ. ನನ್ನ ಕುರ್ಚಿಯ ಎಡಗಾಲಿ ಮೆಟ್ಟಿಲಿಂದ ಬಿದ್ದ ದಿನದಿಂದ ಕಿರ್ ಎನ್ನುತ್ತದೆ. ಅದೊಂದೇ ಸದ್ದು.

ಹೊರಗೆ ಅಕ್ಕ ಕೇಳಿದಳು, "ಆ ಕೋಣೆ?"

"ಹೋಯ್ತು."

"ಹೋಗ್ಲಿ. ಗಾಜು ಒರೆಸೋರ್ಯಾರು," ಎಂದಳು.

ಮರುದಿನದಿಂದ ನನ್ನನ್ನು ತೆಗೆದರು. ಮೇಲೆ ಹೊಸ ತರಬೇತುದಾರ ಬಂದ. 'ಇಳಿಸಿ' ಎನ್ನುವ ಬದಲು ಸೀಟಿ ಊದುವವನು. ನನ್ನ ಹುಡುಗರು ಅಲ್ಲಿಯೇ ಉಳಿದರು. ಸಂಘದ ಕಡೆಯಿಂದಲ್ಲದೆ ಯಾರೂ ಸ್ಪರ್ಧೆಗೆ ಹೋಗುವಂತಿಲ್ಲ. ನಾನೇ ಉಳಿಯಿರಿ ಎಂದೆ. ಉದ್ದಜಡೆಯನ್ನು ಒಂದು ಸ್ಪರ್ಧೆಯಿಂದ ಹೊರಗಿಟ್ಟರು. ಆಮೇಲೆ ಸೇರಿಸಿಕೊಂಡರು. ಆಮೇಲೆ ಅವಳು ನಮ್ಮ ಬೀದಿಗೆ ಬರಲಿಲ್ಲ. ಬರಬಾರದೆಂದು ಹೇಳಿದ್ದರೋ, ಬರಲಾಗಲಿಲ್ಲವೋ. ನಾನು ಕೇಳಿ ಕಳಿಸಲಿಲ್ಲ.

ನಾನೂ ಬಣ್ಣದವನೂ ಈಗ ಆ ಕಟ್ಟಡದ ಹಿಂದಿನ ಓಣಿಯಲ್ಲಿ ಸೇರುತ್ತೇವೆ. ಓಣಿ ಯಾರದ್ದೂ ಅಲ್ಲ. ಒಂದು ಬದಿಗೆ ಚರಂಡಿ, ಇನ್ನೊಂದು ಬದಿಗೆ ನೆರಳು. ಬರುವುದು ಬಿಟ್ಟವರ ಮನೆಗೆ ಅವನು ಹೆಂಡತಿಯ ಜೊತೆ ಹೋಗಿ ಕರೆದು ಬಂದಿದ್ದಾನೆ. ಬರುತ್ತೇವೆ ಎಂದಿದ್ದಾರೆ. ಇನ್ನೂ ಯಾರೂ ಬಂದಿಲ್ಲ. ಮಹಡಿಯ ಹಿಂಬದಿಯ ಕಿಟಕಿ ನಮ್ಮ ತಲೆಯ ಮೇಲೆ ತೆರೆದಿರುತ್ತದೆ.

ಇವತ್ತು ಅವನು ಅಂಗೈ ಊರಿ ಮೈ ಎತ್ತಿದ. ಹಿಡಿದ. ಅದೇ ಹೊತ್ತಿಗೆ ಮೇಲೆ ಯಾರೋ ಕಂಬಿಗೆ ಕೈಹಚ್ಚಿದ್ದು ಕೇಳಿಸಿತು. ನೆಲದಿಂದ ಎದೆಗೆ. ಉಸಿರು. ನಿಲ್ಲಬೇಕಾದಲ್ಲೇ ನಿಂತಿತು. ಎದೆಯಿಂದ ಮೇಲಕ್ಕೆ. ಹಲಗೆಯ ಮೇಲೆ ಪಾದ ಎರಡು ಸಲ ಸದ್ದು ಮಾಡಿ ಸಾಲಿಗೆ ಬಂತು. ಆಮೇಲೆ ಏನೂ ಇಲ್ಲ. ಸೀಟಿ ಬರಲಿಲ್ಲ. ಸೀಟಿಯವನು ಎಲ್ಲೋ ಹೋಗಿರಬೇಕು. ಆದರೂ ಭಾರ ಕೆಳಗೆ ಬೀಳಲಿಲ್ಲ. ಯಾರೋ ಅದನ್ನು ತಲೆಯ ಮೇಲೆ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು.

ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ.

"ಅಕ್ಕಾ, ತೋಳು ಹೋಗ್ತಿದೆ," ಎಂದ ಬಣ್ಣದವನು ಹಲ್ಲು ಕಚ್ಚಿ. "ಹೇಳೋದು ನನಗೋ ಮೇಲಿನವರಿಗೋ?"

"ಇಳಿಸಿ!" ಎಂದು ಕೂಗಿದೆ.

ಅವನು ಕುರ್ಚಿಗೆ ಇಳಿದ. ಮೇಲೆ ಕಬ್ಬಿಣ ಹಲಗೆಗೆ ಬಂತು. ಓಣಿಯ ಗೋಡೆ ಅದುರಿತು.

ಕಿಟಕಿಯಲ್ಲಿ ಯಾರೂ ಕಾಣಿಸಲಿಲ್ಲ. ಕಾಯುತ್ತಾ ಕತ್ತು ಎತ್ತಿಯೇ ಇದ್ದೆ. ಕತ್ತು ನೋಯಿತು.

"ಇನ್ನೊಂದು," ಎಂದೆ. ಯಾರಿಗೆ ಎಂದು ಹೇಳಲಿಲ್ಲ.